ಕೆಂಪಾಗದ ನೀರು

ನಮ್ಮ ಕೆಮಿಸ್ಟ್ರಿ ಮೇಡಮ್ಮಿನ ಬೆರಳ ತುದಿಗಳು ಸದಾ ಹಳದಿ. ಅರಿಶಿನವಲ್ಲ, ಲ್ಯಾಬಿನಲ್ಲಿ ತಯಾರಿಸುತ್ತಿದ್ದ ನೈಟ್ರೋ ಸಂಯುಕ್ತದ ಕಲೆ. ಸೋಪಿಗೂ ಹೋಗದು, ನಿಂಬೆಹಣ್ಣಿಗೂ ಹೋಗದು. ಅದೇ ಬೆರಳುಗಳಿಂದ ಮೂಗು ಮುಚ್ಚಿಕೊಂಡು ಲ್ಯಾಬಿನ ಬಾಗಿಲಲ್ಲಿ ನಿಂತು, "ಥೂ, ಯಾರ್ರೀ ಸಿಂಕಲ್ಲಿ ಎಂಜಲು ಡಬ್ಬಿ ತೊಳೆದಿದ್ದು?" ಎಂದರೆ ನಮ್ಮ ದಿನ ಶುರುವಾಯಿತೆಂದು ಅರ್ಥ.

ಅಸಹ್ಯಪಡುವುದರಲ್ಲಿ ಅವರಷ್ಟು ಧಾರಾಳಿಯನ್ನು ನಾನು ಕಂಡಿಲ್ಲ. ಕೊಳಕು ಗಾಜು, ಗ್ರಾಫಿನಲ್ಲಿ ಬೇಕೆಂದೇ ಜರುಗಿಸಿದ ಚುಕ್ಕಿ, ಯಾರದೋ ಪೇಪರಿನಿಂದ ಎತ್ತಿದ ಪ್ಯಾರಾ, ಎಲ್ಲಕ್ಕೂ ಒಂದೇ ಮುಖ. ಹಳಸಿದ ಸಾರು ಮೂಸಿದವರ ಮುಖ.

ವಿಮಾನ ನಿಲ್ದಾಣ ಏಳುತ್ತಿದ್ದ ಕಾಲ. ದೇವನಹಳ್ಳಿ ಹತ್ತಿರದ ಖಾಸಗಿ ಕಾಲೇಜೊಂದರಲ್ಲಿ ಅವರು ಪ್ರೊಫೆಸರ್, ನಾನು ಅವರ ಸಂಶೋಧನಾ ವಿದ್ಯಾರ್ಥಿನಿ. ಫ್ಲೋರೈಡಿನಂಥ ಋಣಾವೇಶದ ಅಯಾನುಗಳನ್ನು ಹಿಡಿಯಬಲ್ಲ ಅಣುಗಳನ್ನು ಕಟ್ಟುವುದು ಅವರ ಕೆಲಸ. ಮೊದಲ ಪಾಠವನ್ನು ನೀರಿನ ಚೊಂಬು ಕೊಟ್ಟು ಮಾಡಿದರು. "ಒಂದ್ ಬೆರಳಲ್ಲಿ ಎತ್ತು ನೋಡಣ. ಆಗಲ್ಲ ಅಲ್ವಾ? ಐದೂ ಹಾಕು. ಹೈಡ್ರೋಜನ್ ಬಂಧನೂ ಅಷ್ಟೇ ಕಣಮ್ಮ. ಒಂದೊಂದೂ ಬಡಪಾಯಿ, ಒಟ್ಟಿಗೆ ಸೇರಿದ್ರೆ ಬಿಡಲ್ಲ."

ಅವರ ಅಣುವಿನಲ್ಲಿ ಸಾರಜನಕಕ್ಕೆ ಅಂಟಿದ ಎರಡು ಹೈಡ್ರೋಜನ್‌ಗಳು ಒಂದೇ ಕಡೆಗೆ ಮುಖ ಮಾಡಿದ್ದವು. ಫ್ಲೋರೈಡ್ ಬಂದರೆ ಎರಡೂ ಸೇರಿ ಹಿಡಿಯುತ್ತಿದ್ದವು, ಹಳದಿ ದ್ರಾವಣ ನೋಡನೋಡುತ್ತಲೇ ಕೆಂಪಾಗುತ್ತಿತ್ತು. ಆದರೆ ಒಣ ದ್ರಾವಕದಲ್ಲಿ ಮಾತ್ರ. ನೀರು ಸೇರಿತೆಂದರೆ ಮುಗಿಯಿತು. ನೀರಿನ ಅಣುಗಳೂ ಇದೇ ಬಂಧದಿಂದ ಫ್ಲೋರೈಡನ್ನು ಮುತ್ತಿಕೊಂಡು ಬೇರೆ ಯಾರನ್ನೂ ಹತ್ತಿರ ಬಿಡುವುದಿಲ್ಲ. ಬಣ್ಣ ಮತ್ತೆ ಹಳದಿ. "ನೀರಲ್ಲೂ ಹಿಡಿಯೋ ಅಣು ಮಾಡೋವರ್ಗೂ ನಾವು ಏನೂ ಮಾಡಿಲ್ಲ ಅಂತ್ಲೇ ಲೆಕ್ಕ" ಎನ್ನುತ್ತಿದ್ದರು.

ಕಾಲೇಜಿನ ಅಧ್ಯಕ್ಷರು ಒಮ್ಮೆ ಆ ಕೆಂಪು ಕಂಡು ಮರುಳಾದರು. ನಮ್ಮ ಕಡೆ ಬೋರ್‌ವೆಲ್ ಆಳಕ್ಕಿಳಿದಷ್ಟೂ ಫ್ಲೋರೈಡಿನ ಭಯ, ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟೆ. ಅಧ್ಯಕ್ಷರು ಕುಂದಾಣದ ದಾರಿಯಲ್ಲಿ ಲೇಔಟ್ ಮಾಡಿದ್ದರು. ಸೈಟ್ ಕೊಂಡವರಿಗೆಲ್ಲ ಮೇಡಮ್ಮಿನ ಹೆಸರಿನ ಕಿಟ್ ಕೊಡುವುದು, ನೀರಿಗೆ ಹನಿ ಹಾಕಿದಾಗ ಕೆಂಪಾದರೆ ಫ್ಲೋರೈಡ್, ಹಳದಿಯೇ ಇದ್ದರೆ ಧೈರ್ಯವಾಗಿ ಕುಡಿಯಬಹುದು ಎಂದು ಅವರ ಯೋಜನೆ.

"ಸಾರ್, ಇದು ನೀರಲ್ಲಿ ಕೆಂಪಾಗೋದೇ ಇಲ್ಲ" ಎಂದರು ಮೇಡಂ. "ಎಷ್ಟು ಫ್ಲೋರೈಡ್ ಇದ್ರೂ ಹಳದಿನೇ."

ಅಧ್ಯಕ್ಷರು ನಕ್ಕರು. "ಕೆಂಪಾಗಲ್ಲ ಅಂದ್ರೆ ಒಳ್ಳೇದೇ ಆಯ್ತಲ್ಲ ಮೇಡಂ!"

ಅರ್ಥವಾಗಲು ನನಗೆ ಒಂದು ಗಳಿಗೆ ಬೇಕಾಯಿತು. ಎಲ್ಲ ನೀರೂ ಹಳದಿ ತೋರಿಸಿದರೆ ಸೈಟುಗಳು ಸಲೀಸಾಗಿ ಮಾರಾಟವಾಗುತ್ತವೆ. ಆ ಮನುಷ್ಯನಿಗೆ ಕೆಲಸ ಮಾಡುವ ಅಣು ಬೇಕಾಗಿರಲೇ ಇಲ್ಲ. ಅದೂ ಮಕ್ಕಳು ಕುಡಿಯುವ ನೀರಿನ ವಿಷಯದಲ್ಲಿ! ಈಗಲೂ ಆ ನಗು ನೆನೆದರೆ ಬಾಯಿ ಮುಕ್ಕಳಿಸಬೇಕೆನಿಸುತ್ತದೆ. ಮೇಡಂ ಎದ್ದು ಬಂದರು. ಆದರೂ ಕಿಟ್ ಅವರ ಹೆಸರಲ್ಲೇ ತಯಾರಾಯಿತು.

ಲೇಔಟಿನ ಉದ್ಘಾಟನೆಗೆ ಶಾಮಿಯಾನ, ಕೇಸರಿಬಾತು. ಜಮೀನು ನಿಲ್ದಾಣಕ್ಕೆ ಹೋಗಿ ಇಲ್ಲಿ ಸೈಟ್ ಕೊಂಡ ಕುಟುಂಬಗಳು ಮುಂದಿನ ಸಾಲಿನಲ್ಲಿ, ಕೈಯಲ್ಲಿ ಆಗಲೇ ಹಂಚಿದ ಕಿಟ್. ಅದನ್ನು ಮಾಡಿ ತೋರಿಸಲು ಮೇಡಮ್ಮನ್ನೇ ಕರೆದಿದ್ದರು. ಮೇಡಂ ವೇದಿಕೆ ಹತ್ತಿ ಅಲ್ಲಿನ ಬೋರ್‌ವೆಲ್ ನೀರಿಗೆ ಹನಿ ಹಾಕಿದರು. ಹಳದಿ. ಚಪ್ಪಾಳೆ. ಚಪ್ಪಾಳೆ ನಿಲ್ಲುವವರೆಗೆ ಕಾದು ಬ್ಯಾಗಿನಿಂದ ಒಂದು ಬಾಟಲಿ ತೆಗೆದರು. "ಇದು ಫ್ಲೋರೈಡ್ ಉಪ್ಪು, ವಿಷ" ಎಂದು ಹೇಳಿ ಅದೇ ಲೋಟಕ್ಕೆ ಚಮಚದಷ್ಟು ಸುರಿದು ಕಲಕಿ, ಮತ್ತೆ ಹನಿ ಹಾಕಿದರು. ಆಗಲೂ ಹಳದಿ.

"ಇದಕ್ಕೆ ನೀರಲ್ಲಿ ಕಣ್ ಕಾಣಲ್ಲ ಕಣ್ರೀ. ನನ್ ಹೆಸರು ನೋಡಿ ನಂಬ್ಬೇಡಿ."

ಮುಂದಿನ ಸಾಲಿನ ಹೆಂಗಸೊಬ್ಬಳು ಕೇಳಿದಳು, "ಹಂಗಾರೆ ನಮ್ ನೀರು ಚೆನ್ನಾಗೈತೋ ಇಲ್ವೋ ಮೇಡಮ್ಮೋರೆ?"

"ಗೊತ್ತಿಲ್ಲಮ್ಮ. ಸರಿಯಾದ ಕಡೆ ಪರೀಕ್ಷೆ ಮಾಡ್ಸಿ. ಅಲ್ಲೀವರ್ಗೂ ಕುಡೀಬೇಡಿ."

"ಒಳ್ಳೆ ದಿನ ಅಪಶಕುನ ನುಡೀತಾಳಲ್ಲ ಈವಮ್ಮ" ಎಂದು ಹಿಂದಿನಿಂದ ಯಾರೋ ಗೊಣಗಿದರು. ಅಧ್ಯಕ್ಷರ ಕಡೆಯವರು ಊಟಕ್ಕೆ ಕರೆದರು, ಜನ ಎದ್ದು ಕೇಸರಿಬಾತಿಗೆ ನುಗ್ಗಿದರು. ಹೋಗುವಾಗ ಕಿಟ್ಟನ್ನೂ ಕೈಯಲ್ಲಿ ಹಿಡಿದೇ ಹೋದರು. ಅಧ್ಯಕ್ಷರ ಮೇಲಿನಷ್ಟೇ ಹೇಸಿಗೆ ಆ ಜನರ ಮೇಲೂ ಹುಟ್ಟಿತು ನನಗೆ.

ಮೇಡಮ್ಮಿನ ಕೆಲಸ ಹೋಯಿತು. ದೊಡ್ಡಬಳ್ಳಾಪುರದ ಮನೆಯಲ್ಲಿ ಟ್ಯೂಷನ್ ಹೇಳಿಕೊಂಡಿದ್ದರು. ನಾನು ಹೋದಾಗಲೆಲ್ಲ ನೀರಲ್ಲೂ ಹಿಡಿಯಬಹುದಾದ ಹೊಸ ಅಣುವಿನ ಚಿತ್ರ ಬರೆದು ತೋರಿಸುತ್ತಿದ್ದರು. ಮಾಡಿ ನೋಡಲು ಲ್ಯಾಬ್ ಇರಲಿಲ್ಲ. ಕಳೆದ ವರ್ಷ ತೀರಿಕೊಂಡರು.

ಕಾಲೇಜಿನವರು ಶ್ರದ್ಧಾಂಜಲಿ ಸಭೆ ಇಟ್ಟುಕೊಂಡರು, ನಾಚಿಕೆಯಿಲ್ಲದೆ. ಫೋಟೋಕ್ಕೆ ಹಾರ ಹಾಕಿದ್ದು ಅದೇ ಅಧ್ಯಕ್ಷರು. "ಅವರ ಸಂಶೋಧನೆ ಇವತ್ತಿಗೂ ಎಷ್ಟೋ ಮನೆಗಳ ನೀರನ್ನ ಕಾಪಾಡ್ತಾ ಇದೆ" ಎಂದು ಹೇಳಿ, ಶಿಷ್ಯೆ ಎಂದು ನನ್ನನ್ನು ಮಾತಿಗೆ ಕರೆದರು.

"ಅದು ನೀರಲ್ಲಿ ಕೆಲಸ ಮಾಡಲ್ಲ" ಎಂದೆ.

ಯಾರೋ ಮೈಕ್ ಬಂದ್ ಮಾಡಿದರು. ಕೂತಿದ್ದವರಲ್ಲಿ ಆ ಲೇಔಟಿನಿಂದ ಓದಲು ಬರುವ ಹುಡುಗ ಹುಡುಗಿಯರೂ ಇದ್ದರು. ನಾನು ವೇದಿಕೆಯಿಂದಿಳಿದು ಅವರ ಬೆಂಚಿನ ಮುಂದೆ ಹೋಗಿ ನಿಂತು, ಫ್ಲೋರೈಡನ್ನು ನೀರು ಹೇಗೆ ಮುತ್ತಿಕೊಳ್ಳುತ್ತದೆ ಎಂಬಲ್ಲಿಂದ ಪಾಠ ಶುರುಮಾಡಿದೆ.