ಬೀರಪ್ಪ ಒಲ್ಲದ ಟಗರು

ಸಾವಂತ್ರವ್ವನ ಬಾಯಿಗೆ ಹೆದರದವರು ಖಾನಾಪುರದ ಆ ಸುತ್ತಿನಲ್ಲಿ ಯಾರೂ ಇಲ್ಲ. ಗಂಡ ತೀರಿಕೊಂಡ ಮೇಲೆ ಕುರಿಹಟ್ಟಿಯನ್ನು ಒಬ್ಬಳೇ ನಡೆಸಿದವಳು, ಬಾಯಿ ಮೆತ್ತಗಿದ್ದರೆ ನಡೆದೀತೇ? ಅವಳವು ಕರಿ ಉಣ್ಣೆಯ ದಖ್ಖನಿ ಕುರಿ, ಮಳೆಯಲ್ಲಿ ತೊಯ್ದರೂ ಮೇಯುವ ಗಟ್ಟಿ ತಳಿ. ಉಳಿದವರೆಲ್ಲ ಮಾಂಸದಾಸೆಗೆ ಕೆಂಪು ಟಗರು ಬಿಟ್ಟು ತಳಿ ಕೆಡಿಸಿಕೊಂಡರು. ಅಪ್ಪಟ ಕರಿ ಟಗರು ಅಂತ ಉಳಿದದ್ದು ಅವಳ ಹಟ್ಟಿಯಲ್ಲಿ ಒಂದೇ. ಅದು ಹೋದರೆ ತಳಿಯೇ ಹೋಯಿತು.

ಅದರ ಮೇಲೆ ಕಣ್ಣು ಬಿದ್ದದ್ದು ಅವಳ ಗಂಡನ ಅಣ್ಣ, ಭಾವ ಸಾತಪ್ಪನದು. ಬೆಳಗಾವಿಯಲ್ಲಿ ಮಟನ್ ಅಂಗಡಿ, ಮಹಾಂತೇಶ ನಗರದಲ್ಲಿ ಮನೆ. ತನ್ನ ಕೆಂಪು ಟಗರನ್ನು ಹಟ್ಟಿಗೆ ಬಿಟ್ಟುಕೋ ಎಂದು ಹೇಳಿ ಹೇಳಿ ಬೈಸಿಕೊಂಡಿದ್ದ. ಈ ಸಲ ದೇವರನ್ನೇ ಮುಂದೆ ಮಾಡಿಕೊಂಡು ಬಂದ, ಪುಣ್ಯಾತ್ಮ! ಮನೆಗೆ ಹಿರಿಯನಾದವನು ಕುಲದೇವರು ಬೀರಪ್ಪನ ಹೆಸರಿನಲ್ಲಿ ಯಾವ ಟಗರಿಗೆ ಹಗ್ಗ ಹಾಕಿದರೂ ಅದು ದೇವರ ಬಲಿಗೆ ಮೀಸಲು, ಇಲ್ಲ ಎನ್ನುವಂತಿಲ್ಲ. ಅದು ಅವರ ಮನೆತನದ ಕಟ್ಟಳೆ. ಸಾತಪ್ಪ ನೆಟ್ಟಗೆ ಕರಿ ಟಗರಿನ ಕೊರಳಿಗೇ ಹಗ್ಗ ಹಾಕಿದ. ಬೆನ್ನಿಗೆ ದಾಯಾದಿಗಳು, ಅವರ ನಡುವೆ ಅವನ ಅಂಗಡಿಯಲ್ಲೇ ದುಡಿಯುವ ಅವಳ ಮಗ ಯಲ್ಲೇಶ.

“ಇದನ್ನ ದೇವರು ಕೇಳ್ಯಾನೋ, ನೀವು ಕೇಳಾಕತ್ತೀರೋ, ಭಾವಾ?”

“ನಾಲಗಿ ಬಿಗಿ ಹಿಡಿ, ಸಾವಂತ್ರಿ. ನಾಳೆ ನನ್ನ ಕೆಂಪು ಟಗರು ತಂದು ಬಿಡತೇನಿ.”

ಬಂತಲ್ಲ, ಹೊಟ್ಟೆಯೊಳಗಿನ ಮಾತು! ಸಾವಂತ್ರವ್ವನಿಗೆ ಮೈಯೆಲ್ಲ ಉರಿದುಹೋಯಿತು. ಒಳಗಿನಿಂದ ಉಣ್ಣೆ ಕತ್ತರಿ ತಂದು, ಟಗರಿನ ತಲೆಯನ್ನು ಮೊಣಕಾಲ ನಡುವೆ ಅವುಚಿ ಹಿಡಿದು, ಕಿವಿಯ ತುದಿಯನ್ನು ಕಚಕ್ಕನೆ ಕತ್ತರಿಸಿ ಸಾತಪ್ಪನ ಕಾಲಬುಡಕ್ಕೆ ಎಸೆದಳು. ಊನವಾದದ್ದನ್ನು ಬೀರಪ್ಪ ಒಲ್ಲ. ಅದೂ ಅವರ ಮನೆತನದ ಕಟ್ಟಳೆಯೇ. ಟಗರು ಅರಚುತ್ತಿತ್ತು, ಗಾಯಕ್ಕೆ ಅರಿಶಿನ ಒತ್ತುತ್ತ ಅವಳು ಅತ್ತೇಬಿಟ್ಟಳು.

“ದೇವರ ಕೂಡ ವೈರ ಕಟ್ಟಿಗೊಂಡ್ಯಲ್ಲ!” ಸಾತಪ್ಪನ ಮುಖ ಕಪ್ಪಿಟ್ಟಿತು. “ಇನ್ನ ಉಣ್ಣಿ ಕತ್ತರಸಾಕ ನಮ್ಮವರು ಒಬ್ಬರೂ ಬರೂದಿಲ್ಲ. ನೀ ಸತ್ತರ ಹೆಗಲ ಕೊಡೂದಿಲ್ಲ.”

“ಬ್ಯಾಡ್ರಿ. ಹಟ್ಟ್ಯಾಗ ಬಿದ್ದಿರತೇನಿ. ಹಗ್ಗ ಬಿಡ್ರಿ ಮದಲ.”

ಸಾತಪ್ಪ ಥೂ ಎಂದು ಉಗಿದು ಹಗ್ಗ ಒಗೆದು ಹೊರಟ. ದಾಯಾದಿಗಳೂ ಹೊರಟರು. ಯಲ್ಲೇಶನೂ ಕಾಲು ಕಿತ್ತದ್ದನ್ನು ಕಂಡು ಅವಳು ಅವನ ಕಡೆ ತಿರುಗಿದಳು.

“ನೀನೂನಪಾ?”

“ದೊಡ್ಡಪ್ಪ ಅನ್ನೂದು ಖರೇ ಐತಿ, ಯವ್ವಾ. ದೇವರಿಗೆ ನೀ ಹಿಂಗ ಮಾಡಬಾರದಿತ್ತು.”

“ಹೋಗು. ನಿನ್ನ ನಂಬಿದ್ರ ಈ ಹಟ್ಟಿ ಉಳೀತಿದ್ದಿಲ್ಲ.”

ಅವನು ತಿರುಗಿಯೂ ನೋಡಲಿಲ್ಲ. ಸಾವಂತ್ರವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, ಕೊರಳ ಹಗ್ಗ ಬಿಚ್ಚಿ, ಟಗರನ್ನು ಕುರಿಗಳ ನಡುವೆ ಬಿಟ್ಟಳು.