ಅಪ್ಪನ ಹೆಸರಿನ ಮುಂದೆ ಕೆಂಪು ಗೆರೆ

ಮಕ್ಕಳೇ, ನಾನು ಚಿಕ್ಕವಳಿದ್ದಾಗ ಮಣ್ಣೂರಿನ ನಮ್ಮ ಶಾಲೆಯಲ್ಲಿ ಮಾಸ್ತರರೂ ಹೆದರುವಂಥದ್ದು ಒಂದಿತ್ತು. ಅದು ಹೆಡ್‌ಮಾಸ್ತರರ ಕೆಂಪು ಪೆನ್ನು. ಎರಡನೇ ಗಂಟೆ ಬಾರಿಸುವುದರೊಳಗೆ ಹಾಜರಿ ಪುಸ್ತಕದಲ್ಲಿ ಸಹಿ ಮಾಡದವರ ಹೆಸರಿನ ಮುಂದೆ ಕೆಂಪು ಗೆರೆ ಬೀಳುತ್ತಿತ್ತು. ನನ್ನ ಅಪ್ಪ ಅಲ್ಲಿ ಮಾಸ್ತರ. ತನಗೆ ಒಂದು ದಿನವೂ ಗೆರೆ ಬಿದ್ದಿಲ್ಲ ಎಂದು ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದ. ಕೇಳಿ ಕೇಳಿ ನನಗೂ ಅಕ್ಕನಿಗೂ ಬಾಯಿಪಾಠವಾಗಿತ್ತು.

ಆ ವರ್ಷ ಹೊಸ ಹೆಡ್‌ಮಾಸ್ತರರು ಬಂದರು. ಯಾರೆಂದುಕೊಂಡಿರಿ? ಅಪ್ಪನ ಕೈಯಲ್ಲೇ ಅಕ್ಷರ ಕಲಿತವರು! ಮನೆಗೆ ಬಂದರೆ ಅಪ್ಪನ ಕಾಲು ಮುಟ್ಟುತ್ತಿದ್ದರು. ಶಾಲೆಯಲ್ಲಿ ಮಾತ್ರ ಅವರು ಒಳಗೆ ಬಂದರೆ ಅಪ್ಪನೇ ಎದ್ದು ನಿಲ್ಲಬೇಕು. ಉಳಿದ ಮಾಸ್ತರರು ಒಳಗೊಳಗೇ ನಗುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಒಂದು ಬೆಳಿಗ್ಗೆ ಮೊದಲ ಗಂಟೆಯಾದರೂ ಅಪ್ಪ ಬರಲಿಲ್ಲ. ಯಾಕೆಂದು ನನಗೊಬ್ಬಳಿಗೇ ಗೊತ್ತಿತ್ತು. ಗೆಳತಿಯರ ಜೊತೆ ಮಾಸ್ತರಾಟ ಆಡೋಣವೆಂದು ಅಪ್ಪನ ಕನ್ನಡಕವನ್ನು ಪಾಟಿಚೀಲಕ್ಕೆ ಹಾಕಿಕೊಂಡು ಬಂದಿದ್ದೆ! ಪಾಪ, ಮನೆಯಲ್ಲಿ ಅಪ್ಪ ಅದನ್ನೇ ಹುಡುಕುತ್ತಿದ್ದಿರಬೇಕು. ಪ್ರಾರ್ಥನೆಗೆ ನಿಂತರೂ ನನ್ನ ಕಣ್ಣು ಬಾಗಿಲತ್ತಲೇ ಇತ್ತು. ಮನೆಗೆ ಓಡಲು ಧೈರ್ಯ ಸಾಲಲಿಲ್ಲ. ಅಷ್ಟರಲ್ಲಿ ಎರಡನೇ ಗಂಟೆಯೂ ಆಗಿಹೋಯಿತು.

ಅಪ್ಪ ಏದುಸಿರು ಬಿಡುತ್ತ, ಎರೆಮಣ್ಣು ಮೆತ್ತಿದ ಚಪ್ಪಲಿಯಲ್ಲೇ ಬಂದ. ಪಡಸಾಲೆಯ ಮೇಜಿನ ಮೇಲೆ ಹಾಜರಿ ಪುಸ್ತಕ ತೆರೆದಿತ್ತು. ಹೆಡ್‌ಮಾಸ್ತರರು ಇನ್ನೂ ಗೆರೆ ಎಳೆಯದೆ ಪೆನ್ನು ಹಿಡಿದು ನಿಂತಿದ್ದರು. ಹಿಂದಿನ ವಾರ ಗೆರೆ ಹಾಕಿಸಿಕೊಂಡಿದ್ದ ಮಾಸ್ತರರೊಬ್ಬರು, “ನೋಡೂಣು ತಡೀರಿ, ಗುರುವಿಗೊಂದ್ ನ್ಯಾಯ, ನಮಗೊಂದ್ ನ್ಯಾಯ ಐತೇನು” ಎಂದರು.

“ಗುರುಗಳ, ನಿಮಗ ಹೆಂಗ ಹಾಕ್ಲಿರಿ?” ಎಂದ ಹೆಡ್‌ಮಾಸ್ತರರ ಕೈ ನಡುಗುತ್ತಿತ್ತು.

“ಹಾಕ್ರಿ ಸರ. ಇವತ್ತ ನನಗ ಬಿಟ್ಟರ ನಾಳೆ ನಿಮ್ಮ ಮಾತ ಯಾರೂ ಕೇಳಂಗಿಲ್ಲ” ಎಂದು ಅಪ್ಪ ತಾನೇ ಪುಸ್ತಕವನ್ನು ಅವರತ್ತ ಸರಿಸಿದ.

ಗೆರೆ ಬಿತ್ತು, ಸೊಟ್ಟಗೆ. ನನಗೆ ತಡೆಯಲಾಗಲಿಲ್ಲ. ಅಳುತ್ತ ಓಡಿಹೋಗಿ ಕನ್ನಡಕ ಕೊಟ್ಟೆ. ಅಪ್ಪ ಬೈಯಲಿಲ್ಲ. ಅದನ್ನು ಹಾಕಿಕೊಂಡು ಪುಸ್ತಕಕ್ಕೆ ಬಗ್ಗಿ, “ಸಣ್ಣವರಿದ್ದಾಗಿಂದ ನಿಮ್ಮ ಗೆರಿ ಸೊಟ್ಟನ ನೋಡ್ರಿ” ಎಂದ. ಹೆಡ್‌ಮಾಸ್ತರರು ನಕ್ಕರು, ಕಣ್ಣೂ ಒರೆಸಿಕೊಂಡರು.

ಈಗ ನಿಮ್ಮ ಶಾಲೆಯಲ್ಲಿ ಮೊಬೈಲೇ ಮಾಸ್ತರರ ಮುಖ ನೋಡಿ ಹಾಜರಿ ಹಾಕುತ್ತದಂತೆ. ಅದಕ್ಕೆ ಗುರುವೂ ಇಲ್ಲ, ಶಿಷ್ಯನೂ ಇಲ್ಲ. ತಡವಾದರೆ ತಡ, ಮುಗಿಯಿತು. ಒಳ್ಳೆಯದೇ ಮಕ್ಕಳೇ. ಆದರೆ ಅದರ ಕೈ ನಡುಗುವುದಿಲ್ಲ. ಅಂದು ಆ ನಡುಗುವ ಕೈ ನೋಡಿದ ಮೇಲೆ ನಾನು ಯಾರ ಕನ್ನಡಕವನ್ನೂ ಮುಟ್ಟಿಲ್ಲ.