ಕಲ್ಲಿನ ದಾರಿ ಬೇಕಾಗಿತ್ತು

ಗೋನೆಗಂಡ್ಲದ ಹತ್ತಿರ ಗುಡ್ಡದ ಕಲ್ಲುಗಳ ಮೇಲೆ ಸೈಕಲ್ ಹತ್ತಿಸುತ್ತಿದ್ದೆ. ಕುರಿ ಕಾಯುತ್ತಿದ್ದ ಅಜ್ಜ ಓಡಿಬಂದು ಹ್ಯಾಂಡಲ್ ಹಿಡಿದುಕೊಂಡ.

"ದಾರಿ ತಪ್ಪೀರಿ ಸಾರ್. ಡಾಂಬರ್ ರೋಡು ಕೆಳಗೈತಿ."

ಸೈಕಲ್ ಸವಾರಿಯಲ್ಲಿ ಪಳಗಿದವರಿಗೆ ಮಜಾ ಬರಬೇಕಾದರೆ ಇಂಥ ಕಲ್ಲಿನ ದಾರಿಯೇ ಬೇಕು, ಇದನ್ನೇ ಹುಡುಕುತ್ತಿದ್ದೆ ಎಂದೆ. ಅಜ್ಜ "ಪಾಪಂ" ಎನ್ನುತ್ತ ಸೈಕಲ್ಲನ್ನು ಹೆಗಲಿಗೇರಿಸಿಕೊಂಡು ರೋಡಿಗೆ ತಂದು ಬಿಟ್ಟ.

ಮುಂದಿನ ಭಾನುವಾರ ಮತ್ತೆ ಹೋದೆ. ದಾರಿಯಲ್ಲಿ ಒಂದು ಕಲ್ಲೂ ಇರಲಿಲ್ಲ. ತಗ್ಗುಗಳಿಗೆಲ್ಲ ಗರಸು ಮಣ್ಣು ತುಂಬಿತ್ತು. ಅಜ್ಜ ಟವೆಲಿನಿಂದ ಬೆವರು ಒರೆಸಿಕೊಳ್ಳುತ್ತ, "ನಮ್ಮ ಮಂದಿನೆಲ್ಲ ಕರ್ಕೊಂಡು ಬಂದು ಸಾಪ್ ಮಾಡಿಸೀನಿ. ಇನ್ನ ಆರಾಮ ಹೋಗ್ರಿ" ಅಂದ.

ಈಗ ಅಲ್ಲಿ ನನ್ನ ಮಗಳು ಸೈಕಲ್ ಕಲಿಯುತ್ತಿದ್ದಾಳೆ. ನನಗೆ ದೇವನಕೊಂಡದ ಕಡೆ ಇನ್ನೊಂದು ಕಲ್ಲಿನ ದಾರಿ ಸಿಕ್ಕಿದೆ. ಅಜ್ಜನಿಗೆ ಹೇಳಿಲ್ಲ.